ಅಚ್ಚು ಗಟ್ಟಿಯಾಗುವವರೆಗೆ

ನೇರಳೆ ಎಷ್ಟು ಹೊತ್ತು ನೇರಳೆಯಾಗಿಯೇ ಇರುತ್ತದೆ, ಇಲ್ಲ, ಆಗಲೇ ಅಂಚಿನಲ್ಲಿ ಗುಲಾಬಿಗೆ ತಿರುಗುತ್ತಿದೆ, ಅಮ್ಮನ ಎಡಗೈಯ ರಬ್ಬರ್ ಬಟ್ಟಲಿನಲ್ಲಿ ಹಲ್ಲಿನ ಅಚ್ಚು ತೆಗೆಯುವ ಪುಡಿಯೂ ನೀರೂ ಒಂದಾಗಿ ಚಪ್ ಚಪ್ ಎಂದು ಗೋಡೆಗೆ ಬಡಿಸಿಕೊಳ್ಳುತ್ತಿವೆ, ಕಲಸುವಾಗ ನೇರಳೆ, ಬಾಯಿಗೆ ಹೋಗುವಾಗ ಗುಲಾಬಿ, ಗಟ್ಟಿಯಾದಾಗ ಬಿಳಿ, ಇದು ಅವಳಿಗೆ ಅಆಇಈ ಬರುವ ಮೊದಲೇ ಬಂದ ಪಾಠ, ಬಣ್ಣ ಪೂರ್ತಿ ಹೋಯಿತೆಂದರೆ ಇನ್ನು ಏನೂ ಬದಲಾಗುವುದಿಲ್ಲ ಎಂದರ್ಥ, ಮತ್ತು ಇವತ್ತು ಬೆಳಗಿನಿಂದ ಶಾಲೆಯಲ್ಲಿ ಕಣ್ಣು ಬಿಟ್ಟಲ್ಲೆಲ್ಲ ಇದೇ ನೇರಳೆ, ಪಕ್ಕದಲ್ಲಿ ಕೂರುವ ಗೆಳತಿ ಗಿಣಿಯ ಎದೆಯ ಮೇಲೆ ರಿಬ್ಬನ್, ಮೆಟ್ಟಿಲ ಕಂಬಿಗೆ ರಿಬ್ಬನ್, ಲೈಬ್ರರಿ ಮೇಡಂ ಕನ್ನಡಕದ ದಾರಕ್ಕೂ ಒಂದು ರಿಬ್ಬನ್ — ಬಾಯಿ ದೊಡ್ಡದು ಮಾಡು, ಇನ್ನೂ, ಅಯ್ಯೋ ನಿನ್ನ ಬಾಯಿಗೆ ತೆಗೆದು ಅಭ್ಯಾಸವೇ ಇಲ್ಲ ನೋಡು, ಎಂದು ನಗುತ್ತ ಅಮ್ಮ ಮೇಲಿನ ದವಡೆಗೆ ಟ್ರೇ ಒತ್ತಿಯೇಬಿಟ್ಟಳು, ತಣ್ಣಗೆ, ಪುದೀನದ ವಾಸನೆ, ಗಂಟಲ ಹತ್ತಿರ ಒಂದು ತೊಟ್ಟು ಜಾರುತ್ತಿದೆ, ಮೂಗಲ್ಲಿ ಉಸಿರಾಡು, ತಲೆ ಮುಂದೆ ಬಗ್ಗಿಸು, ಗೋಡೆ ನೋಡ್ತಾ ಇರು. ಗೋಡೆಯ ಮೇಲೆ ನೋಡಲಿಕ್ಕೆ ಏನಿದೆ, ಹಲಗೆ, ಹಲಗೆಯ ಮೇಲೆ ದವಡೆಗಳು, ಊರಿನ ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚುಗಳಲ್ಲಿ ಅಮ್ಮ ಹೊಯ್ದು ತೆಗೆದ ಪ್ಲಾಸ್ಟರ್ ಬಾಯಿಗಳು, ಒಂದರ ಪಕ್ಕ ಒಂದು, ಮುಂದಿನ ಎರಡು ಹಲ್ಲು ಬಿದ್ದದ್ದು, ಒಂದೂ ಹಲ್ಲಿಲ್ಲದ್ದು, ಒಂದರ ಮೇಲೊಂದು ಹತ್ತಿ ಕೂತದ್ದು, ಯಾರ ಮುಖವೂ ಇಲ್ಲ, ಬರೀ ಬಾಯಿ, ಇಷ್ಟು ಬಾಯಿ ಸೇರಿದ ಕೋಣೆಯಲ್ಲಿ ಸಂತೆಯ ಗದ್ದಲ ಇರಬೇಕಿತ್ತು, ಆದರೆ ಒಂದೂ ತುಟಿ ಪಿಟಕ್ಕೆನ್ನುವುದಿಲ್ಲ, ಎನ್ನುವುದಕ್ಕೆ ತುಟಿಯೂ ಇಲ್ಲ.

ಬಾಯಿ ತುಂಬಿಕೊಂಡು ಕೂತವರ ಹತ್ತಿರ ಮಾತಾಡುವುದೆಂದರೆ ಅಮ್ಮನಿಗೆ ಬಲು ಪ್ರೀತಿ, ಎದುರುತ್ತರ ಬರುವುದಿಲ್ಲ, ಮಧ್ಯೆ ಬಾಯಿ ಹಾಕುವವರಿಲ್ಲ, ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ, ಇಬ್ಬರ ಮಧ್ಯೆ ನನ್ನದೊಂದು ಅಂಗಡಿ, ಎಂದು ಹೊಸಬರಿಗೆಲ್ಲ ಹೇಳುವ ತಮಾಷೆಯನ್ನೇ ಮಗಳಿಗೂ ಹೇಳುತ್ತಾಳೆ, ಕಟ್ಟುವ ಹಲ್ಲಿನ ಮೇಣ ಕರಗಿಸುತ್ತ ಹೇಳುತ್ತಾಳೆ, ಉಜ್ಜುವ ಯಂತ್ರ ಗುಂಯ್‌ಗುಟ್ಟುವಾಗ ದನಿ ಏರಿಸಿ ಹೇಳುತ್ತಾಳೆ, ಈಗ ಮಗಳ ಹಲ್ಲಿನ ಹಳೆಯ ಗಾರ್ಡ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳುತ್ತಿದ್ದಾಳೆ, ಏನೇ ಇದು, ಇಲಿ ಕಡಿದ ಹಾಗೆ, ಕಳೆದ ವರ್ಷ ತಾನೇ ಮಾಡಿಕೊಟ್ಟಿದ್ದು. ಹೌದು, ಕಳೆದ ವರ್ಷ, ಅವಳು ನಿದ್ದೆಯಲ್ಲಿ ಕರಕರ ಹಲ್ಲು ಕಡಿಯುವ ಸದ್ದು ಪಕ್ಕದ ಕೋಣೆಯವರೆಗೂ ಕೇಳಿಸಿ, ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಅಮ್ಮ ಗಾಜಿನಂತೆ ತಿಳಿಯಾದ ಒಂದು ತೊಡಿಗೆ ಮಾಡಿದ್ದಳು, ಈಗ ಅದರ ಎಡಮಗ್ಗುಲು ತೂತು, ತೂತಿನೊಳಗಿಂದ ಅಮ್ಮನ ಒಂದು ಕಣ್ಣು ಅವಳನ್ನು ನೋಡುತ್ತಿದೆ, ರಾತ್ರಿಯಿಡೀ ಏನನ್ನ ಹೀಗೆ ಕಚ್ಚಿ ಹಿಡ್ಕೊಳ್ತೀಯೇ ಮೌನಗೌರಿ. ಅವಳು ಹೆಗಲು ಕುಣಿಸಿದಳು. ಹೆಗಲು ಕುಣಿಸುವುದು ಒಂದು, ಇಲ್ಲವೆಂದು ತಲೆ ಅಡ್ಡಡ್ಡ ಅಲ್ಲಾಡಿಸುವುದು ಒಂದು, ಹೌದೆಂದು ಉದ್ದುದ್ದ ಆಡಿಸುವುದು ಒಂದು, ಅವಳ ಭಾಷೆಯೇ ಇಷ್ಟು, ಮನೆಯಲ್ಲಿ ಮೌನಗೌರಿ, ಶಾಲೆಯಲ್ಲಿ ಗಪ್‌ಚುಪ್, ಗೂಡ್ಸ್ ರೈಲು ಓಡಿಸುವ ಅಪ್ಪನೂ ವಾರಕ್ಕೆ ನಾಲ್ಕು ಮಾತಿನವನು, ಅವರು ಮಾತನ್ನ ರೈಲಲ್ಲಿ ಬಿಟ್ಟು ಬಂದ್ರು, ಇವಳು ನನ್ನ ಹೊಟ್ಟೇಲೇ ಬಿಟ್ಟು ಬಂದ್ಲು, ಅದಕ್ಕೇ ಎಲ್ಲಾ ನಾನೇ ಆಡಬೇಕು, ಎನ್ನುವುದು ಅಮ್ಮನ ಹಳೆಯ ದೂರು, ದೂರಿನಲ್ಲಿ ಒಂದಿಷ್ಟು ಹೆಮ್ಮೆಯೂ ಇದೆ. ಗುಲಾಬಿ ಬಣ್ಣ ಇನ್ನೂ ಹೋಗಿಲ್ಲ.

ಹೋದ ವಾರ ಬೆಳಗಿನ ಸಭೆಯಲ್ಲಿ ಲೈಬ್ರರಿ ಮೇಡಂ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಹೇಳಿದ್ದು — ಬಚ್ಚಿಟ್ಕೊಂಡು ಬದುಕಬೇಕಾದವರಿಗೋಸ್ಕರ ವರ್ಷದಲ್ಲಿ ಕೆಲವು ದಿನಗಳಿವೆ ಮಕ್ಕಳೇ, ಅವರ ಇತಿಹಾಸ ಓದೋದಕ್ಕೆ ಒಂದು ತಿಂಗಳು, ನೇರಳೆ ಬಟ್ಟೆ ಹಾಕ್ಕೊಳೋದಕ್ಕೆ ಒಂದು ದಿನ, ಪ್ರಾಣ ಕಳ್ಕೊಂಡವರನ್ನ ನೆನೆಯೋದಕ್ಕೆ ಒಂದು ದಿನ, ಹಾಗೇ ಸುಮ್ಮನಿರೋದಕ್ಕೂ ಒಂದು ದಿನ, ಹುಡುಗಿಯನ್ನ ಪ್ರೀತಿಸೋ ಹುಡುಗಿ, ಹುಡುಗನನ್ನ ಪ್ರೀತಿಸೋ ಹುಡುಗ, ನೀವು ಅಂದ್ಕೊಂಡಿರೋ ಹುಡುಗ ನಾನಲ್ಲ ಹುಡುಗಿ ಅನ್ನೋ ಮಗು, ಇಂಥವರು ಎಲ್ಲಾ ಶಾಲೆಯಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ, ಹೇಳ್ಕೊಳ್ಳೋಕೆ ಆಗದೆ ಬಾಯಿ ಕಟ್ಕೊಂಡಿದ್ದಾರೆ, ಅವರ ಜೊತೆ ನಾವೂ ಒಂದು ದಿನ ಬಾಯಿ ಕಟ್ಕೊಂಡು ನೋಡೋಣ. ನಮ್ಮಲ್ಲೂ ಎಂದಾಗ ಅವಳ ಕಿವಿ ಬಿಸಿಯಾಯಿತು. ಹಿಂದಿನ ಸಾಲುಗಳಲ್ಲಿ ಯಾರು ಯಾರು ಎಂದು ಗುಸುಗುಸು ಎದ್ದಿತು, ತಲೆಗಳು ತಿರುಗಿದವು, ಹೇನು ಹುಡುಕುವವರ ಹಾಗೆ ಎಲ್ಲರೂ ಎಲ್ಲರನ್ನೂ ನೋಡಿದರು, ಕಣ್ಣುಗಳು ಅವಳ ತನಕ ಬಂದವು, ನಿಲ್ಲದೆ ಮುಂದೆ ಹೋದವು, ಯಾವತ್ತೂ ಹಾಗೇ, ಬಂದ ಕಣ್ಣು ಅವಳ ಮೇಲೆ ನಿಲ್ಲುವುದಿಲ್ಲ, ಸದ್ಯ ಬಚಾವಾದೆ ಎನ್ನಿಸಿತು, ಬಚಾವಾದ ಕೂಡಲೇ ಅಳು ಬಂತು, ಎರಡೂ ಯಾಕೆ ಒಟ್ಟಿಗೆ ಬರಬೇಕಿತ್ತೋ. ಮೇಡಂ ಇನ್ನೂ ಹೇಳುತ್ತಿದ್ದರು, ಇಷ್ಟ ಇದ್ದವರು ಕಾರ್ಡು ರಿಬ್ಬನ್ ತಗೊಳ್ಳಿ, ಯಾರಾದ್ರೂ ಯಾಕೆ ಮಾತಾಡ್ತಿಲ್ಲ ಅಂದ್ರೆ ಕಾರ್ಡು ತೋರಿಸಿ, ಕೊನೇ ಗಂಟೆ ಆದ ಮೇಲೆ ಲೈಬ್ರರಿಗೆ ಬನ್ನಿ, ಎಲ್ಲರೂ ಸೇರಿ ಮೌನ ಮುರಿಯೋಣ, ಒಬ್ಬೊಬ್ಬರು ಒಂದೊಂದು ಮಾತು, ಸುಮ್ಮನಿದ್ದದ್ದಕ್ಕಿಂತ ಅದು ಮುಖ್ಯ, ತಿಳೀತಾ.

ತಿಳಿಯಿತು, ಅವಳಿಗಲ್ಲದೆ ಇನ್ಯಾರಿಗೆ ತಿಳಿಯಬೇಕು. ರಿಬ್ಬನ್ನಿನ ಮೇಜಿನವರೆಗೆ ಹೋದಳು, ನೀರು ಕುಡಿಯಲು ಬಂದವಳಂತೆ ನಲ್ಲಿಯ ಕಡೆ ತಿರುಗಿದಳು, ಮತ್ತೆ ಹೋದಳು, ಆಗ ಗಿಣಿ ಅಲ್ಲೇ ಇದ್ದಳು, ಒಂದೇ ಬೆಂಚಿನ ಗಿಣಿ, ಅರಳು ಹುರಿದಂತೆ ಮಾತಾಡುವ ಗಿಣಿ, ಎದೆಗೆ ಒಂದು ಸಿಕ್ಕಿಸಿಕೊಂಡು ಜಡೆಗೂ ಒಂದು ಕಟ್ಟಿಕೊಳ್ಳುತ್ತಿದ್ದಳು, ನೀನೂ ತಗೊಳ್ಳೇ, ನಿನಗೇನು ಕಷ್ಟ, ನೀನು ಮಾತಾಡೋದಾದ್ರೂ ಯಾವಾಗ, ಎಂದಳು, ಕೆಟ್ಟ ಮನಸ್ಸಿನಿಂದಲ್ಲ, ಗಿಣಿಯ ಮನಸ್ಸು ಒಳ್ಳೆಯದೇ, ಆದರೆ ಗಿಣಿಗೆ ಆ ರಿಬ್ಬನ್ ಮುಡಿದ ಹೂವು, ಇವಳಿಗೆ ಅಂಗಡಿಯ ಬೋರ್ಡು, ಹಾಕಿಕೊಂಡರೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ, ಹಾಕಿಕೊಳ್ಳದಿದ್ದರೆ ಯಾರಿಗೂ ಗೊತ್ತಾಗುವುದೇ ಇಲ್ಲ, ಬಿಸಿತುಪ್ಪ ನುಂಗಲೂ ಆಗದು ಉಗುಳಲೂ ಆಗದು. ಕೈ ಜೇಬಿನಿಂದ ಹೊರಗೆ ಬರಲೇ ಇಲ್ಲ. ಆ ಸಂಜೆಯೇ ನಿಶ್ಚಯ ಮಾಡಿದಳು, ರಿಬ್ಬನ್ ಬೇಡ, ಕಾರ್ಡು ಬೇಡ, ಆದರೆ ಮೌನ ಮಾತ್ರ ಎಲ್ಲರಿಗಿಂತ ಗಟ್ಟಿಯಾಗಿ, ಹಾಸಿಗೆಯಿಂದ ಏಳುವಾಗ ಶುರು, ಒಂದು ಹ್ಞೂಂ ಕೂಡ ಇಲ್ಲ, ಮತ್ತೆ ಕೊನೆಯ ಗಂಟೆಯ ಮೇಲೆ ಲೈಬ್ರರಿಯಲ್ಲಿ ತನ್ನ ಸರದಿ ಬಂದಾಗ ಒಂದೇ ಒಂದು ಮಾತು, ನಾನೂ, ಅಷ್ಟೇ, ಹೆಚ್ಚು ಬೇಡ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹೇಳಿ ನೋಡಿದಳು, ನಾನೂ, ನೀರಿನ ಸದ್ದಿನಲ್ಲಿ ತನಗೇ ಕೇಳಿಸಲಿಲ್ಲ, ಹೊರಗಿನಿಂದ ಅಮ್ಮ, ಎಷ್ಟು ನೀರು ಸುರೀತೀಯೇ, ಎಂದಳು.

ಮತ್ತೆ ಈ ದಿನ ಬಂದೇ ಬಂತು. ಗಿಣಿ ಮೊದಲ ಪಾಠದಲ್ಲೇ ಪೆನ್ಸಿಲ್ ಬಿದ್ದಾಗ ಅಯ್ಯೋ ಎಂದು ಮೌನ ಮುರಿದುಕೊಂಡಳು, ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲೇ ನಕ್ಕಳು, ಮತ್ತೆ ಶುರು ಮಾಡಿದಳು, ಊಟದ ಹೊತ್ತಿಗೆ ಮತ್ತೆ ಮುರಿದುಕೊಂಡಳು, ಗಾಳಿಯಲ್ಲಿ ಬರೆದು, ಕೈಬಾಯಿ ತಿರುಗಿಸಿ, ಮೂಕಾಭಿನಯ ಮಾಡಿ ಇಡೀ ತರಗತಿಯನ್ನು ನಗಿಸಿದಳು, ಪಾಪ ಎಷ್ಟು ಕಷ್ಟಪಡ್ತಿದಾಳೆ ಎಂದು ಎಲ್ಲರೂ ಅವಳ ಸುತ್ತ, ಅವಳ ಮೌನಕ್ಕೆ ಮಾತಿಗಿಂತ ಹೆಚ್ಚು ಗದ್ದಲ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಇವಳು. ಹಾಜರಿಗೆ ಕೈಯೆತ್ತಿದಳು, ಕ್ಯಾಂಟೀನಿನಲ್ಲಿ ಬೆರಳು ತೋರಿಸಿದಳು, ಕಾಲು ತುಳಿದವನಿಗೆ ಅಯ್ಯಪ್ಪ ಎನ್ನಲಿಲ್ಲ, ಇಷ್ಟು ಚೊಕ್ಕವಾಗಿ ಆ ಶಾಲೆಯಲ್ಲಿ ಯಾರೂ ಮೌನ ಮಾಡಿರಲಿಕ್ಕಿಲ್ಲ, ಮತ್ತು ಒಂದು ನರಪಿಳ್ಳೆಗೂ ಅದು ಗೊತ್ತಾಗಲಿಲ್ಲ. ಇತಿಹಾಸದ ಮೇಷ್ಟ್ರು ಗಿಣಿಯನ್ನು ಪ್ರಶ್ನೆ ಕೇಳಿದರು, ಗಿಣಿ ಕಾರ್ಡು ತೋರಿಸಿದಳು, ಮೇಷ್ಟ್ರು ನಾಟಕದ ರಾಜನಂತೆ ಬಾಗಿ ಅಪ್ಪಣೆ ಎಂದರು, ಆಮೇಲೆ ಇವಳ ಕಡೆ ತಿರುಗಿದರು, ನೀನು ಹೇಳಮ್ಮ. ಎದ್ದು ನಿಂತಳು. ಉತ್ತರ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು, ತೋರಿಸಲು ಕಾರ್ಡು ಇರಲಿಲ್ಲ, ಮೇಷ್ಟ್ರು ಕಾದರು, ಚಾಕ್ ಪೀಸನ್ನು ಈ ಕೈಯಿಂದ ಆ ಕೈಗೆ ಹಾಕಿದರು, ಕಡೆಗೆ ಹೇಳಿದರು, ನಿನಗೆ ಕಾರ್ಡು ಯಾಕೆ ಬಿಡು, ನೀನು ವರ್ಷವಿಡೀ ಆಚರಿಸ್ತೀಯಲ್ಲ. ತರಗತಿಯೆಲ್ಲ ಘೊಳ್ಳೆಂದಿತು, ಗಿಣಿಯೂ ನಕ್ಕಳು, ಲೋಕಾರೂಢಿಗೆ ಎಂಬಂತೆ ಇವಳೂ ಒಂದಿಷ್ಟು ಹಲ್ಲು ತೋರಿಸಿ ಕೂತಳು. ಮೇಷ್ಟ್ರು ಕೆಟ್ಟವರಲ್ಲ, ಬಾಯಿಗೆ ಬಂದದ್ದು ಅಂದರು, ನಾಲಿಗೆಗೆ ಎಲುಬಿಲ್ಲ, ಅದು ಎಷ್ಟು ನಿಜವೆಂದು ಅವರಿಗೆ ಗೊತ್ತಿದ್ದರೆ ಚಾಕ್ ಪೀಸು ಕೈಯಿಂದ ಬೀಳುತ್ತಿತ್ತು.

ಈ ವರ್ಷವಷ್ಟೇ ಅಲ್ಲ ಮೇಷ್ಟ್ರೇ, ಹೋದ ವರ್ಷದ ಚದುರಂಗದ ಪಂದ್ಯದ ದಿನದಿಂದ. ಬೇರೆ ಶಾಲೆಯ ಹುಡುಗಿ, ಎದುರು ಕೂತವಳು, ಉಗುರು ಕಚ್ಚಿ ಕಚ್ಚಿ ಮೊಂಡಾದ ಬೆರಳುಗಳು, ಮಾತಾಡದೆ ಮೂರನೆಯವರ ಹಂಗಿಲ್ಲದೆ ಇಬ್ಬರೇ ಕೂರುವ ಆಟ, ಇವಳಿಗೆ ಹೇಳಿ ಮಾಡಿಸಿದ ಆಟ, ಅಷ್ಟು ಹೊತ್ತು ಒಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಯೋಚಿಸುತ್ತ ಇವಳು ಹಿಂದೆಂದೂ ಕೂತಿರಲಿಲ್ಲ, ಗೆದ್ದದ್ದು ಇವಳೇ, ಆಟ ಮುಗಿದ ಮೇಲೆ ಆ ಹುಡುಗಿ ಇವಳ ಮಣಿಕಟ್ಟನ್ನು ಎರಡು ಬೆರಳಲ್ಲಿ ಮುಟ್ಟಿ, ನಿನ್ನ ಕೈ ನಡುಗ್ತಿತ್ತು, ಆದ್ರೂ ಗೆದ್ದೆಯಲ್ಲ, ಎಂದಳು, ಅಷ್ಟೇ, ಬ್ಯಾಗು ಹೆಗಲಿಗೇರಿಸಿ ತನ್ನ ಶಾಲೆಯವರ ಜೊತೆ ಹೋದಳು. ಬಸ್ಸಿನಲ್ಲಿ ಮನೆಗೆ ಬರುವಾಗ ಇವಳಿಗೆ ತಿಳಿದುಹೋಯಿತು, ಬಹಳ ದಿನದಿಂದ ಬಾಗಿಲ ಹೊರಗೆ ನಿಂತಿದ್ದ ನೆಂಟರು ಒಳಗೆ ಬಂದು ಕೂತ ಹಾಗೆ, ಓಹೋ ಇದಾ, ಇದೇನಾ, ಭಯವಾಗಲಿಲ್ಲ, ಖುಷಿಯೇ ಆಯಿತು, ಭಯವಾದದ್ದು ಆಮೇಲೆ, ಇದನ್ನು ಅಮ್ಮನಿಗೆ ಹೇಳಬೇಕು ಎಂದುಕೊಂಡಾಗ. ಆ ವಾರವೇ ಅಮ್ಮ ಮೇಣದಲ್ಲಿ ಹಲ್ಲು ಜೋಡಿಸುತ್ತ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಮಾತಾಡುತ್ತಿದ್ದಳು, ಇಸ್ತ್ರಿ ಅಂಗಡಿಯಾಕೆಯ ಮಗ ಅಂತೆ, ಇನ್ನೊಬ್ಬ ಹುಡುಗನ ಜೊತೆ ಇರ್ತೀನಿ ಅಂದನಂತೆ, ಅವರಮ್ಮ ಹೇಗೆ ತಡ್ಕೊಳ್ತಾಳೋ ತಾಯಿ. ಬಾಗಿಲ ಬಳಿ ನಿಂತಿದ್ದ ಇವಳು ಮುಂದಿನ ಮಾತಿಗೆ ನಿಲ್ಲಲಿಲ್ಲ, ಕೋಣೆಗೆ ಹೋಗಿ ದಿಂಬಿನ ಮೇಲೆ ಕೂತಳು, ಅಂದಿನಿಂದಲೇ ಇರಬೇಕು ಈ ಕರಕರ, ಹೌದು, ಅಂದಿನಿಂದಲೇ.

ಬಂತು ನೋಡು ಬಿಳಿ, ಎಂದು ಅಮ್ಮ ಬೆರಳು ಹಾಕಿ ಪಚಕ್ಕನೆ ಟ್ರೇ ಕಿತ್ತಳು, ಗಾಳಿ ನುಗ್ಗಿತು, ಬಾಯಿ ಒಮ್ಮೆಲೇ ದೊಡ್ಡದಾಗಿ ಖಾಲಿಯಾಗಿ ತನ್ನದಲ್ಲದಂತಾಯಿತು. ಅಚ್ಚನ್ನು ತಿರುಗಿಸಿ ನೋಡಿ ಅಮ್ಮ ಮೆಚ್ಚಿದಳು, ಲಕ್ಷಣವಾಗಿ ಬಂದಿದೆ, ನೀನೊಬ್ಬಳೇ ನೋಡು ಅಲ್ಲಾಡದೆ ಕೂರೋದು, ಕೆಲವರು ಎರಡು ನಿಮಿಷಕ್ಕೆ ಪ್ರಾಣ ಹೋದ ಹಾಗೆ ಒದ್ದಾಡ್ತಾರೆ. ನಲ್ಲಿಯ ಕೆಳಗೆ ತೊಳೆದು ಒದ್ದೆ ಬಟ್ಟೆ ಮುಚ್ಚಿಟ್ಟಳು. ಈಗ ಹೇಳಬಹುದಲ್ಲ, ಲೈಬ್ರರಿಯಲ್ಲಿ ಆಗದೇ ಹೋದದ್ದು ಇಲ್ಲಿ, ಬಾಯಿ ತೆರೆದೇ ಇದೆ, ಹೊತ್ತು ಇನ್ನೂ ಮುಳುಗಿಲ್ಲ, ದಿನ ಇನ್ನೂ ಅದೇ ದಿನ, ತುಟಿ ಸ್ವಲ್ಪ ಅಲುಗಿತೋ ಏನೋ, ಅಮ್ಮ ಹೊಸ ಪುಡಿ ಅಳೆಯುತ್ತಿದ್ದವಳು ನಿಲ್ಲಿಸಿ ಏನೋ ಹೇಳಬೇಕು ಅಂತಿದೀಯಾ ಎಂದಳು, ಮತ್ತು ಅವಳ ತಲೆ, ಯಾರ ಮಾತೂ ಕೇಳದ ಹಾಳು ತಲೆ, ತಾನಾಗಿ ಅಡ್ಡಡ್ಡ ಅಲ್ಲಾಡಿತು. ಅಮ್ಮ ನೀರು ಹೊಯ್ದಳು, ಮತ್ತೆ ನೇರಳೆ, ಚಪ್ ಚಪ್.

ಇದು ಕೆಳಗಿನ ದವಡೆ, ನಾಲಿಗೆ ಮೇಲೆತ್ತಿ ಹಿಡಿ, ಅಲ್ಲಾಡಿಸಬೇಡ, ಆಡಿಸಿದ್ರೆ ಅಚ್ಚು ಕೆಡುತ್ತೆ. ಹಲಗೆಯ ಮೇಲೆ ಬಾಯಿಗಳು ಹಾಗೇ ಕೂತಿವೆ, ಕತ್ತಲೆ ಮೂಲೆಯದು ಯಾರದೋ. ಆ ಅಡ್ಡಡ್ಡ ತಲೆಯಾಟಕ್ಕೆ ಮೊದಲು ಒಂದು ಉದ್ದುದ್ದ ತಲೆಯಾಟ ಆಗಿತ್ತು, ಅದು ಇದಕ್ಕಿಂತ ಕೆಟ್ಟದ್ದು, ನೆನೆಯಬಾರದು ಎಂದುಕೊಂಡಷ್ಟೂ ಅದೇ — ಕೊನೆಯ ಗಂಟೆ, ಲೈಬ್ರರಿ, ಗುಂಡಗೆ ಹಾಕಿದ ಕುರ್ಚಿಗಳು, ರಿಬ್ಬನ್ನಿನವರೆಲ್ಲ ಕುರ್ಚಿಯಲ್ಲಿ, ಇವಳು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ, ಒಬ್ಬ ಹುಡುಗ ಹೇಳುತ್ತಾನೆ, ನಾನು ನಮ್ಮ ಚಿಕ್ಕಪ್ಪನ ಮಗನಿಗೋಸ್ಕರ ಸುಮ್ಮನಿದ್ದೆ, ಗಿಣಿ ಹೇಳುತ್ತಾಳೆ, ಹೇಳುತ್ತಲೇ ಇದ್ದಾಳೆ, ಇಡೀ ದಿನದ ಬಾಕಿಯನ್ನೆಲ್ಲ ಹೇಳಿ ಎಲ್ಲರನ್ನೂ ನಗಿಸಿ ಅಳಿಸಿ ಚಪ್ಪಾಳೆ ಗಿಟ್ಟಿಸುತ್ತಾಳೆ, ಸರದಿ ಹತ್ತಿರ ಬರುತ್ತಿದೆ, ನಾನೂ ಎನ್ನುವುದು ಹಲ್ಲಿನ ಹಿಂದೆ ಬಂದು ನಿಂತಿದೆ, ಕಾಲಿನ ಬೆರಳುಗಳು ಬೂಟಿನೊಳಗೆ ಮುದುರಿವೆ, ಮೇಡಂ ಅವಳ ಕಡೆ ನೋಡಿದರು, ಎದೆಯ ಮೇಲೆ ರಿಬ್ಬನ್ ಹುಡುಕಿದರು, ಕಾಣಲಿಲ್ಲ, ಪ್ರೀತಿಯಿಂದಲೇ ಕೇಳಿದರು, ನೀನು ನೋಡೋಕೆ ಬಂದ್ಯಾ ಮಗು. ತಲೆ ಹೌದೆಂದು ಆಡಿತು. ಒಳ್ಳೇದಾಯ್ತು, ನೋಡೋಕೆ ಬರೋದೂ ದೊಡ್ಡದೇ, ಎಂದರು ಮೇಡಂ, ಸರದಿ ಅವಳನ್ನು ದಾಟಿ ಪಕ್ಕದವನಿಗೆ ಹೋಯಿತು. ತನ್ನ ಸಲುವಾಗಿಯೇ ಕೂಡಿದ್ದ ಸಭೆಯಲ್ಲಿ ತಾನೇ ನೋಡಲು ಬಂದವಳಾದಳು. ಆಮೇಲೆ ಬಿಸ್ಕತ್ತು ಹಂಚಿದರು, ಕುರ್ಚಿ ಒಂದರ ಮೇಲೊಂದು ಪೇರಿಸಲು ಇವಳೂ ಕೈ ಹಾಕಿದಳು, ಎಷ್ಟು ಒಳ್ಳೆ ಹುಡುಗಿ ಎಂದು ಯಾರೋ ಅಂದರು, ದಾರಿಯುದ್ದಕ್ಕೂ ಮುಂದೆ ಮುಂದೆ ಗಿಣಿಯ ಗುಂಪು ಕಿಲಕಿಲ ಎನ್ನುತ್ತಿತ್ತು, ಇವಳು ಅಷ್ಟು ದೂರ ಬಿಟ್ಟು ನಡೆದಳು, ಅವಳಿಗೆ ಒಂಟಿಯೆನ್ನಿಸಿತು, ಮಾತು ಬಾರದವಳಿಗೆ ಒಂಟಿತನ ಅಭ್ಯಾಸ ಎಂದು ಜನ ತಿಳಿಯುತ್ತಾರೆ, ಅಭ್ಯಾಸವಾಗುವುದಿಲ್ಲ, ಪ್ರತಿ ಸಲವೂ ಅದು ಹೊಸದೇ. ರೊಟ್ಟಿ ಹೊತ್ತಿದರೆ ಮನೆಗೆಲ್ಲ ವಾಸನೆ, ಮನುಷ್ಯರೊಳಗೆ ಹೊತ್ತಿದ್ದು ಪಕ್ಕದವರಿಗೂ ಬಡಿಯುವುದಿಲ್ಲ.

ಇದು ಯಾರದು ಹೇಳು ನೋಡೋಣ, ಎಂದು ಅಮ್ಮ ಹಲಗೆಯ ಕತ್ತಲೆ ಮೂಲೆಯ ದವಡೆ ತೆಗೆದು ಅವಳ ಮುಂದೆ ಹಿಡಿದಳು, ಹೇಳಲು ಆಗುವುದಿಲ್ಲವೆಂದು ಗೊತ್ತಿದ್ದೇ ಕೇಳಿದಳು, ಇಸ್ತ್ರಿ ಅಂಗಡಿಯಾಕೆದು, ಇವತ್ತು ಬಂದಿದ್ಲು, ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಮತ್ತೆ ಸೀಳಿದೆ, ಹಗಲೂ ಕಚ್ಚಿ ಹಿಡೀತಾಳೆ, ನಿನ್ನ ಹಾಗೇ, ಕೂತ್ಕೊಂಡು ಅಳೋಕೆ ಶುರು ಮಾಡಿದ್ಲು. ಟ್ರೇ ಹಿಡಿದ ಅಮ್ಮನ ಬೆರಳು ಅವಳ ಗಲ್ಲದ ಕೆಳಗೆ ಬೆಚ್ಚಗೆ ಇದೆ. ಅವಳಿಗೆ ಎದ್ದು ಓಡಬೇಕೆನ್ನಿಸಿತು, ಹೋದ ಸಲ ಬಾಗಿಲ ಬಳಿಯಿಂದ ಓಡಿದ ಹಾಗೆ, ಈ ಸಲ ಬಾಯಿಯೇ ಅಮ್ಮನ ಕೈಯಲ್ಲಿದೆ. ಮಗ ಬಂದು ಹೇಳಿದನಂತೆ, ಅಮ್ಮ ಮುಂದುವರಿಸಿದಳು, ಹೀಗೆ ಹೀಗೆ ಅಂತ, ಎದುರಿಗೆ ಕೂತು ಹೇಳಿದನಂತೆ, ಇವಳು ಇಸ್ತ್ರಿ ಮಾಡ್ತಾ ಇದ್ದೋಳು ಮಾಡ್ತಾನೇ ಇದ್ಲಂತೆ, ಬೈಲಿಲ್ಲ, ಅಳಲಿಲ್ಲ, ಒಂದು ಮಾತೂ ಆಡಲಿಲ್ಲ, ಅಂಗಿ ಮಡಚಿ ಇಟ್ಲಂತೆ, ಇನ್ನೊಂದು ತಗೊಂಡ್ಲಂತೆ, ಅವನು ಅಷ್ಟು ಹೊತ್ತು ಕಾದು ಕಾದು ಎದ್ದು ಹೋದ, ಹೋದವನು ಹೋದ, ಎಲ್ಲಿದಾನೋ ಇವಳಿಗೆ ಗೊತ್ತಿಲ್ಲ. ಹುಡುಗ ಹಾಗಿರೋದಕ್ಕಲ್ಲವಂತೆ ಇವಳು ಅಳೋದು. ಅವತ್ತು ಬಾಯಿ ಬರಲಿಲ್ಲವಲ್ಲ ಅಂತ. ಅಮ್ಮ ಆ ದವಡೆಯನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು, ನನಗಂತೂ ಅರ್ಥ ಆಗೋ ವಿಷಯ ಅಲ್ಲಪ್ಪ ಅದು, ನಾನಾಗಿದ್ರೆ ಬೈದಾದ್ರೂ ಬೈತಿದ್ದೆ, ಅತ್ತಾದ್ರೂ ಅಳ್ತಿದ್ದೆ, ಅವರಿವರನ್ನ ಕೇಳ್ಕೊಂಡಾದ್ರೂ ಬರ್ತಿದ್ದೆ, ಸುಮ್ಮನೆ ಮಾತ್ರ ಇರ್ತಿರಲಿಲ್ಲ.

ಅಂಗಿ, ಮಡಚಿದ ಅಂಗಿ, ಇನ್ನೊಂದು ಅಂಗಿ, ಆ ಹುಡುಗ ಎಷ್ಟು ಅಂಗಿಯವರೆಗೆ ಕಾದನೋ, ಇಸ್ತ್ರಿಯ ಹಬೆ ಅವನ ಮುಖಕ್ಕೆ ಬಡಿಯುತ್ತಿತ್ತೋ, ಹೇಳಿದ ಮೇಲೆ ಬರುವ ಮೌನ ಹೇಳುವ ಮೊದಲಿನ ಮೌನಕ್ಕಿಂತ ದೊಡ್ಡದಿರುತ್ತದೋ, ಆದರೆ ಅಮ್ಮ ಬೈತಾಳಂತೆ, ಅಳ್ತಾಳಂತೆ, ಬೈಯಲಿ, ಅಳಲಿ, ಆ ಗದ್ದಲದಲ್ಲಿ ತಾನೂ ಒಂದು ಮೂಲೆಯಲ್ಲಿ ಕೂತಿರಬಹುದು, ಗದ್ದಲದ ಮನೆಯಲ್ಲೇ ಅಲ್ಲವೇ ಹುಟ್ಟಿ ಬೆಳೆದದ್ದು, ಬಾಯಿ ತುಂಬ ಅಚ್ಚಿದೆ, ಈಗ ಹೇಳಿದರೆ ಅದು ಮಾತೂ ಅಲ್ಲ, ಯಾರಿಗೂ ತಿಳಿಯದು, ಸ್ನಾನದ ಮನೆಯ ನಲ್ಲಿಯ ಹಾಗೆ, ಹೇಳಿದ ಹಾಗೂ ಆಯಿತು ಹೇಳದ ಹಾಗೂ ಆಯಿತು, ಕೊನೆಯ ಗಂಟೆಯ ಸಾಲ ತೀರುತ್ತದೆ, ಒಂದೇ ಸಲ, ಮೆತ್ತಗೆ, ಮತ್ತು ಎತ್ತಿ ಹಿಡಿದಿದ್ದ ನಾಲಿಗೆ ಆಡಿಯೇಬಿಟ್ಟಿತು, ನಾನೂ ಅವನ ಹಾಗೇ ಅಮ್ಮ, ಎನ್ನಲು ಹೋಗಿ ಙಾಙೂ ಅಙಙ ಎಂದು ಏನೋ ಒಂದು ಕರುವಿನಂಥ ದನಿ ಮೂಗಿನಿಂದ ಹೊರಟಿತು, ಆದರೆ ದನಿ, ಇಡೀ ದಿನದಲ್ಲಿ ಅವಳ ಮೊದಲನೆಯ ದನಿ. ಏಯ್ ಅಲ್ಲಾಡಬೇಡ ಅಂದ್ನಲ್ಲ, ಎಂದಳು ಅಮ್ಮ. ಅವಳು ನಿಲ್ಲಿಸಲಿಲ್ಲ, ಶುರುವಾದ ಮೇಲೆ ಅದು ನಿಲ್ಲುವಂತೆಯೂ ಇರಲಿಲ್ಲ, ಇನ್ನೊಮ್ಮೆ ಹೇಳಿದಳು, ಇನ್ನೊಮ್ಮೆ, ಕಣ್ಣಿಂದ ನೀರು ಇಳಿದು ಅಮ್ಮನ ಬೆರಳಿನ ಮೇಲೆ ಬಿತ್ತು.

ಅಮ್ಮ ಬಿಳಿಯಾಗುವವರೆಗೆ ಕಾಯದೆ ಟ್ರೇ ಕಿತ್ತಳು. ಬೈಯುತ್ತಾಳೆ, ಪುಡಿ ದಂಡ ಎನ್ನುತ್ತಾಳೆ, ಇಲ್ಲ, ತಿರುಗಿಸಿ ನೋಡುತ್ತಿದ್ದಾಳೆ, ಕಿಟಕಿಯ ಬೆಳಕಿಗೆ ಹಿಡಿದಳು, ಇಷ್ಟು ವರ್ಷ ಬಾಯಿಗಳನ್ನೇ ನೋಡಿದವಳು, ಅದನ್ನೂ ನೋಡಿದಳು, ಮಗಳನ್ನೂ ನೋಡಿದಳು, ಮತ್ತೆ ಅದನ್ನು. ಅಮ್ಮ ಏನೂ ಹೇಳಲಿಲ್ಲ. ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು, ಹಲಗೆಯ ಬಾಯಿಗಳು, ಅಂಗಿ, ಮಡಚಿದ ಅಂಗಿ, ಇನ್ನೊಂದು ಅಂಗಿ, ಎದ್ದು ಹೋಗಬೇಕೇನೋ, ಆ ಹುಡುಗ ಎದ್ದದ್ದು ಇಷ್ಟು ಹೊತ್ತಿಗೇ ಇರಬೇಕು. ಅವಳು ಕುರ್ಚಿಯಿಂದ ಒಂದು ಚೂರು ಎದ್ದಳು. ಅಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು, ಖಾಲಿ ಕೈಯನ್ನು ಸೀರೆಗೆ ಒರೆಸಿಕೊಂಡಳು, ಸ್ಟೂಲು ಎಳೆದುಕೊಂಡು ಅವಳ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಂತೆ ಕೂತಳು. ಇದು ಕೆಟ್ಟಿತು, ಎಂದಳು, ದನಿ ಅಮ್ಮನದಲ್ಲದಷ್ಟು ಸಣ್ಣದಾಗಿತ್ತು, ಮತ್ತೆ ಕಲಸ್ತೀನಿ, ಆಮೇಲೆ, ಈಗ ಬಾಯಿ ಖಾಲಿ ಇದೆ, ಹೇಳು. ಇಬ್ಬರ ನಡುವೆ ಅಮ್ಮನ ಅಂಗೈಯಲ್ಲಿ ಆ ಅಚ್ಚು, ಇನ್ನೂ ಪೂರ್ತಿ ಬಿಳಿಯಾಗಿಲ್ಲದ್ದು, ಮುಂದಿನ ಹಲ್ಲುಗಳ ಕುಳಿ ಸರಿಯಾಗಿಯೇ ಇದೆ, ಅವುಗಳ ಹಿಂದೆ ಮಾತ್ರ ಒಂದು ಕಡೆ ಉತ್ತ ಹಾಗೆ ಕದಡಿದೆ, ನಾಲಿಗೆ ಎಳೆದ ಗೆರೆ, ಹಲಗೆಯ ಮೇಲಿನ ಯಾವ ಬಾಯಿಯಲ್ಲೂ ಇಲ್ಲದ ಗೆರೆ, ಆ ಗೆರೆ, ಮತ್ತೆ ಅವಳ ಬಾಯಿಯೊಳಗೆ ನಾಲಿಗೆ ಎದ್ದು ಅದೇ ಜಾಗಕ್ಕೆ, ನಾನೂ ಎನ್ನಲು, ಅಲ್ಲಿಗೇ, ಆ ಗೆರೆ —